ಜೋರಾಗಿ ಓದಿದ ಚೀಟಿ

ಸಾಯಬಮ್ಮನನ್ನು ತಕ್ಕಡಿಗೆ ಹಾಕಿದರೆ ಒಂದು ಚೀಲ ಯೂರಿಯಾಕ್ಕಿಂತ ಹೆಚ್ಚು ತೂಗಲಿಕ್ಕಿಲ್ಲ. ಎತ್ತರ ಕಡಿಮೆ, ಬಣ್ಣ ಬಿಸಿಲಿನದು, ಸೀರೆ ಸಂತೆಯದು. ಕೆಸರಿನಲ್ಲಿ ನಿಂತು ನಿಂತು ಕಾಲಿನ ಉಗುರುಗಳು ಕಪ್ಪಾಗಿವೆ. ಗಿರಾಕಿಯೆಂದು ನೋಡಿದರೆ ಕಷ್ಟದ ಮಾಲು. ಉದ್ರಿ ಕೇಳುವುದಿಲ್ಲ, ಹೀಗಾಗಿ ಹಂಗಿನಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಹೊಗಳಿದರೆ ಉಬ್ಬುವುದಿಲ್ಲ, ಹೀಗಾಗಿ ಹಳೆಯ ಸ್ಟಾಕು ದಾಟಿಸಲು ಬರುವುದಿಲ್ಲ. ಬೀಜದ ಪೊಟ್ಟಣ ಕೈಗೆ ಕೊಟ್ಟರೆ ಅದರ ಬೆನ್ನು ತಿರುಗಿಸಿ, ತಾರೀಖಿನ ಮೇಲೆ ಬೆರಳಿಟ್ಟು, "ಸಾವಕಾರ್ರ, ಇಲ್ಲೇನ್ ಬರದದ ಓದ್ರಿ" ಎನ್ನುತ್ತಾಳೆ. ನಾನು ಓದಿದ ಮೇಲೆ ಪಕ್ಕದಲ್ಲಿ ನಿಂತವರಿಗೆ ಅದೇ ಪೊಟ್ಟಣ ಕೊಟ್ಟು ಮತ್ತೊಮ್ಮೆ ಓದಿಸುತ್ತಾಳೆ. ಇಬ್ಬರ ಓದೂ ಒಂದೇ ಆದರೆ ಮಾತ್ರ ರೊಕ್ಕ ಹೊರಗೆ ಬರುತ್ತದೆ. ಶಹಾಪುರದಲ್ಲಿ ಬೀಜ–ಗೊಬ್ಬರದ ಅಂಗಡಿ ಇಟ್ಟು ಇಷ್ಟು ವರ್ಷವಾಯಿತು, ಈಕೆಯಿಂದ ನನಗೆ ಬಂದ ಲಾಭದಲ್ಲಿ ಒಂದು ಒಳ್ಳೆಯ ಕುರ್ಚಿಯನ್ನೂ ಮಾಡಿಸಲಾಗಿಲ್ಲ.

ಆಕೆ ಹುಟ್ಟಿದ್ದು ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ. ತಂದೆ ಮೀನು ಹಿಡಿಯುತ್ತಿದ್ದ. ಮದುವೆಯಾಗಿ ದೋರನಹಳ್ಳಿಗೆ ಬಂದಾಗ ಸುತ್ತ ಬರೀ ಜೋಳ, ಸಜ್ಜೆ. ಆಮೇಲೆ ಕೆನಾಲಿಗೆ ನೀರು ಬಿಟ್ಟರು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಲಾವಣಿಗೆ, ಅಂದರೆ ಗೇಣಿಗೆ, ಹೊಲ ಹಿಡಿಯುವ ಆಂಧ್ರದವರು ಬಂದರು, ಅವರ ಹಿಂದೆ ನನ್ನಂಥ ಗೊಬ್ಬರದಂಗಡಿಯವರು ಬಂದೆವು. ಸಾಯಬಮ್ಮ ನಾಟಿ ಕಲಿತಳು, ಕಲಿತ ಮೇಲೆ ಹೆಂಗಸರ ಗುಂಪು ಕಟ್ಟಿಕೊಂಡು ಗುತ್ತಿಗೆ ಹಿಡಿದಳು. ಗಂಡ ತೀರಿಕೊಂಡ. ಅವನ ಪಾಲಿಗೆ ಬಂದಿದ್ದ ತುಂಡು ಹೊಲದ ಮೇಲೆಯೇ ಉಪಕಾಲುವೆ ಹಾದುಹೋಯಿತು. ನೀರು ಉಳಿದವರ ಹೊಲಕ್ಕೆ ಹೋಯಿತು, ಈಕೆಯ ಹೊಲ ಮಾತ್ರ ನೀರಿಗೆ ದಾರಿಯಾಯಿತು. ಬಿತ್ತಲು ಲಾವಣಿಯ ತುಂಡು ಹೊಲವೇ ಗತಿಯಾಯಿತು. ಪರಿಹಾರಕ್ಕಾಗಿ ಎಷ್ಟೋ ವರ್ಷ ಕೋರ್ಟಿಗೆ ಅಲೆದ ಮೇಲೆ ರೊಕ್ಕ ಬ್ಯಾಂಕಿನ ಖಾತೆಗೆ ಬಂತು. ಅಂದಿನಿಂದ ಆಕೆಗೆ ಒಂದೇ ಹಟ: ಅದೇ ಕಾಲುವೆಯ ಕೆಳಗೆ, ತನ್ನ ಹೆಸರಿನಲ್ಲಿ, ಒಂದಿಷ್ಟು ಗದ್ದೆ.

ಗದ್ದೆ ಸಿಕ್ಕಿತು ಕೂಡ. ಅಯ್ಯಣ್ಣನೆಂಬ ರೈತ ಕಾಲುವೆಯ ಮಗ್ಗುಲಿನ ಇಪ್ಪತ್ತು ಗುಂಟೆ ಕೊಡಲು ಒಪ್ಪಿದ. ಮೂರು ಲಕ್ಷ ನಲವತ್ತು ಸಾವಿರಕ್ಕೆ ಮಾತಾಗಿ, ನಾಲ್ಕು ಮಂದಿಯ ಮುಂದೆ ಎಲೆ–ಅಡಿಕೆ ಹಂಚಿದರು. ನಮ್ಮ ಕಡೆ ಎಲೆ–ಅಡಿಕೆ ಹಂಚಿದರೆ ವ್ಯವಹಾರ ಮುಗಿದಂತೆ. ಮುಂಗಡ, ನೋಂದಣಿ ಎಲ್ಲ ಆಮೇಲೆ.

ಈಗ ನನ್ನ ಅಂಗಡಿಯ ಪಕ್ಕದ ಎಟಿಎಂ ವಿಷಯ ಹೇಳಬೇಕು. ಅಕ್ಷರ ಬಾರದವರು ರೊಕ್ಕ ತೆಗೆದ ಮೇಲೆ ಮಷೀನು ಕೊಡುವ ಚೀಟಿಯನ್ನು ಯಾರಿಗಾದರೂ ಕೊಟ್ಟು ಓದಿಸುತ್ತಾರೆ. ಮೊದಲು ಊರಿಗೆ ಬಂದ ಕಾಗದವನ್ನು ಕಟ್ಟೆಯ ಮೇಲೆ ಹೇಗೆ ಓದಿಸುತ್ತಿದ್ದರೋ ಹಾಗೆಯೇ. ಓದುವವನು ಜೋರಾಗಿ ಓದಬೇಕು. ಮೆಲ್ಲಗೆ ಓದಿದರೆ ಏನೋ ಮುಚ್ಚಿಡುತ್ತಾನೆಂದು ಅನುಮಾನ. ಜೋರಾಗಿ ಓದಿದರೆ ಸರದಿಯಲ್ಲಿ ನಿಂತವರೆಲ್ಲ ಸಾಕ್ಷಿ. ಕಾಗದಕ್ಕೆ ಅದು ಸರಿಯಾದ ಪದ್ಧತಿಯೇ. ಆದರೆ ಈ ಚೀಟಿಯ ಕೊನೆಯ ಸಾಲಿನಲ್ಲಿ ಖಾತೆಯಲ್ಲಿ ಉಳಿದದ್ದೆಷ್ಟು ಎಂದು ಇರುತ್ತದೆ.

ಅಲ್ಲಿ ದಿನವೂ ಓದಲು ನಿಲ್ಲುವವನು ಮಲ್ಕಪ್ಪ. ಹೊಲ–ಮನೆಯ ದಲ್ಲಾಳಿ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಯಾರು ಬಂದರೂ "ಬರ್ರಿ ಯಪ್ಪಾ, ಬಾ ಯವ್ವಾ" ಎನ್ನುವ ಬಾಯಿ. ಒಂದು ರೂಪಾಯಿ ಮುಟ್ಟುವುದಿಲ್ಲ, ಯಾರ ಗುಪ್ತ ಸಂಖ್ಯೆಯನ್ನೂ ಕೇಳುವುದಿಲ್ಲ. ಕೊಳ್ಳುವವನಿಂದಲೂ ಮಾರುವವನಿಂದಲೂ ದಲಾಲಿ ಹಿಡಿಯುವ ಮನುಷ್ಯ ಮುಂಜಾನೆಯೆಲ್ಲ ಪುಕ್ಕಟೆ ಸೇವೆಗೆ ನಿಲ್ಲುತ್ತಾನೆಂದರೆ, ವ್ಯಾಪಾರಿಯಾದ ನನಗೆ ಅನುಮಾನವಿತ್ತು. ಪುರಾವೆ ಇರಲಿಲ್ಲ.

ಸಾಯಬಮ್ಮನ ಗುಪ್ತ ಸಂಖ್ಯೆ ಆಕೆಯ ಬೆರಳಿಗೇ ಗೊತ್ತು. ಗುಂಡಿ ಇರುವ ಜಾಗ ನೋಡಿಕೊಂಡು ಒತ್ತುತ್ತಾಳೆ. ಎಲೆ–ಅಡಿಕೆಯಾದ ಮರುದಿನ ಎರಡು ಸಾವಿರ ತೆಗೆದು, ಚೀಟಿಯನ್ನು ಮಲ್ಕಪ್ಪನಿಗೆ ಕೊಟ್ಟಳು. ಅವನು ಓದಿದ. ಆಕೆ ತನ್ನ ರೂಢಿಯಂತೆ ಹಿಂದೆ ನಿಂತಿದ್ದ ಮೇಷ್ಟರೊಬ್ಬರಿಗೆ ಕೊಟ್ಟು ಮತ್ತೊಮ್ಮೆ ಓದಿಸಿದಳು. ಉಳಿದದ್ದು ನಾಲ್ಕು ಲಕ್ಷ ಹನ್ನೆರಡು ಸಾವಿರದ ಆರುನೂರಾ ನಲವತ್ತು. ಸರದಿಗೆಲ್ಲ ಎರಡೆರಡು ಸಲ ಕೇಳಿಸಿತು.

ಕೆಲವು ದಿನಗಳ ಮೇಲೆ ಸಾಯಬಮ್ಮ ಅಂಗಡಿಗೆ ಬಂದಳು. ಏನೂ ಕೊಳ್ಳದೆ ಗೊಬ್ಬರದ ಚೀಲದ ಮೇಲೆ ಕೂತಳು. ಆಕೆ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಸಾವಕಾರ್ರ, ಅಯ್ಯಣ್ಣ ಮಾತ ತಿರುವಿದ."

"ಎಲಿ–ಅಡಿಕಿ ಹಂಚಿತ್ತಲ್ಲವ್ವ."

"ಎಲಿ ಅಗದು ಉಗುಳ್ಯಾನ, ಅದರ ಕೂಡ ಮಾತೂ ಉಗುಳ್ಯಾನ. ಈಗ ನಾಕ ಲಕ್ಷ ಹನ್ನೆರಡ ಸಾವಿರ ಅಂತಾನ್ರಿ. ಒಂದ ರೂಪಾಯಿ ಕಮ್ಮಿ ಆದ್ರೂ ಇಲ್ಲಂತ."

ಹೊಲಕ್ಕೆ ಬೆಲೆ ಹೇಳುವವನು ನಾಲ್ಕು ಎನ್ನುತ್ತಾನೆ, ನಾಲ್ಕೂವರೆ ಎನ್ನುತ್ತಾನೆ. ಹನ್ನೆರಡು ಸಾವಿರದ ಬಾಲ ಕಟ್ಟಿಕೊಂಡು ಹುಟ್ಟಿದ ಬೆಲೆಯನ್ನು ನಾನು ಯಾವ ಬಜಾರಿನಲ್ಲೂ ಕಂಡಿಲ್ಲ.

"ನಿನ್ನ ಖಾತೇದ ಚೀಟಿ ಅದನೇನ್?"

ಆಕೆ ಸೊಂಟದಿಂದ ಒಂದು ಪೊಟ್ಟಣ ತೆಗೆದಳು. ನಾನೇ ಮಾರಿದ್ದ ಹತ್ತಿ ಬೀಜದ ಖಾಲಿ ಪೊಟ್ಟಣ. ಆ ಬೀಜ ಅರ್ಧವೂ ಮೊಳೆತಿರಲಿಲ್ಲ, ಪೊಟ್ಟಣ ಮಾತ್ರ ಚೀಟಿಗಳನ್ನು ಬೆವರಿನಿಂದ ಚೆನ್ನಾಗಿ ಕಾಯುತ್ತಿತ್ತು. ಹಿಂದಿನ ವರ್ಷ ಮಷೀನು ನೋಟು ಕೊಡದೆ ಖಾತೆಯಿಂದ ಕಡಿದುಕೊಂಡಾಗ, ಚೀಟಿ ತೋರಿಸಿಯೇ ಆಕೆ ರೊಕ್ಕ ವಾಪಸು ಪಡೆದಿದ್ದಳು. ಅಂದಿನಿಂದ ಒಂದು ಚೀಟಿಯನ್ನೂ ಬಿಸಾಡಿದವಳಲ್ಲ. ಮೇಲಿನದನ್ನು ತೆಗೆದು ನೋಡಿದೆ. ಆರುನೂರಾ ನಲವತ್ತು ಬಿಟ್ಟರೆ ಅಯ್ಯಣ್ಣನ ಬೆಲೆ ಅಲ್ಲಿಯೇ ಅಚ್ಚಾಗಿತ್ತು.

"ಇದನ್ನ ಯಾರು ಓದಿದ್ರು?"

"ಮಲ್ಕಪ್ಪಣ್ಣ." ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಪೊಟ್ಟಣಕ್ಕೆ ಸೇರಿಸಿದಳು. "ಮ್ಯಾಲ ಮಾಸ್ತರಗೂ ಕೊಟ್ಟು ಓದಿಸಿದ್ನಲ್ರಿ. ಮೋಸ ಆಗಬಾರ್ದಂತ."

ನನಗೆ ಸಿಟ್ಟು ನೆತ್ತಿಗೇರಿತು. ಬೆಲೆ ಏರಿಸುವುದು ತಪ್ಪೆಂದು ನಾನು ಹೇಳಲಾರೆ. ಹೇಳಿದರೆ ನನ್ನ ಅಂಗಡಿಯ ಗೋಡೆಗಳೇ ನಗುತ್ತವೆ. ಆದರೆ ಎದುರಿನವನ ಮುಖ ನೋಡಿ, ಅವಸರ ನೋಡಿ, ಮಾಲು ನೋಡಿ ಬೆಲೆ ಕಟ್ಟುವುದು ವ್ಯಾಪಾರ. ಓದಿ ಹೇಳಪ್ಪಾ ಎಂದು ನಂಬಿ ಕೊಟ್ಟ ಚೀಟಿಯನ್ನು ನೋಡಿ, ಆಕೆಯ ಖಾತೆಯ ತಳ ಕಾಣುವವರೆಗೆ ಬೆಲೆ ಕಟ್ಟಿಸುವುದಕ್ಕೆ ನಮ್ಮ ಬಜಾರಿನಲ್ಲಿ ಬೇರೆ ಹೆಸರಿದೆ, ಬರೆಯಲು ಬರುವುದಿಲ್ಲ. ನನ್ನ ಪರಿಚಯದ ವಕೀಲರು, ಏನೂ ಕಳುವಾಗಿಲ್ಲವಲ್ಲ, ಯಾವ ಕಲಮು ಹಾಕುವುದು ಎಂದರು. ಬಜಾರಿನ ಮಂದಿ, ಓದಿಸಿದ್ದು ಆಕೆಯದೇ ತಪ್ಪು ಎಂದರು. ಹಾಗೆಂದವರಲ್ಲಿ ಅರ್ಧದಷ್ಟು ಮಂದಿಯ ಚೀಟಿಯನ್ನು ಮಲ್ಕಪ್ಪ ಓದಿದ್ದಾನೆ.

ಆಕೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರು ದಕ್ಷಿಣದ ಕಡೆಯವರು, ಮಾತು ಮೆತ್ತಗೆ.

"ನೋಡಿಯಮ್ಮ, ನಾವು ಬೋರ್ಡ್ ಹಾಕಿದ್ದೀವಿ, ರಸೀದಿ ಬೇರೆಯವರಿಗೆ ತೋರಿಸಬೇಡಿ ಅಂತ."

"ಬೋರ್ಡ್ ಓದಾಕ ಬರ್ತಿದ್ರ ಚೀಟಿ ನಾನ ಓದಕೋತಿದ್ನಲ್ರಿ."

"ಹಾಗಾದರೆ ರಸೀದಿ ತಗೊಳ್ಳಲೇಬೇಡಿ. ಮಷೀನು ಕೇಳುತ್ತಲ್ಲ, ಬೇಡ ಅಂತ ಒತ್ತಿ."

"ಹೋದ ವರ್ಷ ನೋಟ ಬರಲಿಲ್ಲ, ರೊಕ್ಕ ಕಟ್ ಆತು. ಆಗ ನಿಮ್ಮ ಮಂದಿ ಮೊದಲ ಕೇಳಿದ್ದ ಚೀಟಿ ಎಲ್ಲಿ ಅಂತ. ಇನ್ನೊಮ್ಮಿ ಹಂಗಾದ್ರ ಏನ್ ಹಿಡಕೊಂಡು ನಿಂದರ್ಲಿ ಸಾಹೇಬ್ರ?"

"ಒಳಗೆ ಬಂದು ಕೌಂಟರಿನಲ್ಲಿ ಕೇಳಿ."

"ಕೌಂಟರ್‌ದಾಗ ಕೇಳಿದ್ರ ಮಷೀನಿಗಿ ಹೋಗು ಅಂತಾರ."

ಮ್ಯಾನೇಜರು ಫ್ಯಾನಿನ ಕಡೆ ನೋಡಿದರು. ಅದು ತಿರುಗುತ್ತಿತ್ತು, ಹೀಗಾಗಿ ಅಲ್ಲಿಯೂ ಅವರಿಗೆ ಕೆಲಸ ಸಿಗಲಿಲ್ಲ. ಎದ್ದು ಬರೋಣವೆಂದು ನಾನು ಚಪ್ಪಲಿ ಹುಡುಕುತ್ತಿದ್ದಾಗ ಸಾಯಬಮ್ಮ ಕೇಳಿದಳು:

"ಸಾಹೇಬ್ರ, ಆ ಮಷೀನಿನ ಚೀಟಿಗಿ ಕಾಣದಂಗ ರೊಕ್ಕ ಇಲ್ಲೇ ಬ್ಯಾರೆ ಕಡಿ ಇಡಾಕ ಬರ್ತದೇನ್ರಿ? ನನ್ನ ಹೆಸರಲೇನ ಇರಬೇಕು, ಬೇಕಾದಾಗ ತಗೋಬೇಕು."

ಠೇವಣಿ ಎಂಬ ಮಾತು ಬಂದ ಕೂಡಲೇ ಬ್ಯಾಂಕಿನವರ ಮುಖಕ್ಕೆ ಬರುವ ಕಳೆಯೇ ಬೇರೆ. ಕುರ್ಚಿ ಬಂತು, ಚಹಾ ಬಂತು. ಆರು ಸಾವಿರ ಚಿಲ್ಲರೆ ಖಾತೆಯಲ್ಲಿ ಬಿಟ್ಟು ಉಳಿದದ್ದನ್ನೆಲ್ಲ ಠೇವಣಿಗೆ ಹಾಕಿ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದ ಮೇಲೆ, ಇದರಿಂದ ಹೊಲ ಹೇಗೆ ಬರುತ್ತದೆ ಎಂದು ಕೇಳಿದೆ.

"ಚೀಟಿ ನೋಡಿ ಬೆಲಿ ಏರಿಸ್ಯಾರ. ಚೀಟಿ ನೋಡೇ ಇಳಸ್ಲಿ," ಎಂದಳು.

ಮರುದಿನ ಮುಂಜಾನೆ ಎಟಿಎಂ ಮುಂದೆ ಸರದಿ ಉದ್ದವಿತ್ತು. ಸಾಯಬಮ್ಮ ಐನೂರು ತೆಗೆದಳು, ಚೀಟಿಯನ್ನು ಮಲ್ಕಪ್ಪನ ಕೈಗಿಟ್ಟಳು. ನಾನು ನನ್ನ ಕಟ್ಟೆಯ ಮೇಲೆ ನಿಂತು, ಬೇಕಿಲ್ಲದಿದ್ದರೂ ಔಷಧ ಹೊಡೆಯುವ ಒಂದು ಪಂಪನ್ನು ಒರೆಸುತ್ತಿದ್ದೆ.

"ಓದ್ರಿ ಅಣ್ಣಾ. ಜೋರಾಗಿ ಓದ್ರಿ."

ಮಲ್ಕಪ್ಪ ಎಂದಿನ ದನಿಯಲ್ಲಿ ಶುರು ಮಾಡಿದ. ತೆಗೆದದ್ದು ಐನೂರು ಎಂಬಲ್ಲಿಯವರೆಗೆ ಸರಿ ಓದಿದ. ಮುಂದಿನ ಸಾಲಿಗೆ ದನಿ ಇಳಿಯಿತು.

"ಹಿಂದಿನವ್ರಿಗಿ ಕೇಳಿಸಲಿಲ್ಲಣ್ಣ."

"ಐದ ಸಾವಿರದ ಏಳನೂರು," ಎಂದ. "ಉಳದದ್ದು ಎಲ್ಲಿ ಹೋತ ಯವ್ವ?"

"ಎಲ್ಲಿ ಹೋಗಬೇಕಿತ್ತೋ ಅಲ್ಲಿ ಹೋಗ್ಯದ."

"ಅಂದ್ರ ಹೊಲ?"

"ನನ್ನ ಚೀಟ್ಯಾಗ ಹೊಲದ ಸುದ್ದಿ ಏನರ ಬರದಾರೇನ್ ನೋಡ್ರಿ, ಇದ್ರ ಅದನ್ನೂ ಓದ್ರಿ."

ಸರದಿಯಲ್ಲಿ ಯಾರೋ ನಕ್ಕರು. ಆಕೆ ಚೀಟಿಯನ್ನು ತಿರುಗಿ ಪಡೆದು, ಹಿಂದಿನವನಿಗೆ ಕೊಟ್ಟು, ತನ್ನ ರೂಢಿಯಂತೆ ಎರಡನೆಯ ಸಲವೂ ಓದಿಸಿದಳು. ಮಲ್ಕಪ್ಪ ಅಷ್ಟರಲ್ಲಿ ಮೋಟಾರು ಸೈಕಲ್ಲು ಹತ್ತಿ ದೋರನಹಳ್ಳಿಯ ಕಡೆ ತಿರುಗಿಸಿದ್ದ.

ಆ ವಾರ ಮುಗಿಯುವುದರೊಳಗೆ ಅಯ್ಯಣ್ಣ ನನ್ನ ಅಂಗಡಿಗೆ ಬಂದ. ಬೇರೆ ಗಿರಾಕಿ ಇರಲಿಲ್ಲ ಅವನ ಹೊಲಕ್ಕೆ. ಮಗಳ ಮದುವೆಯ ಜವಳಿಗೆ ಆಗಲೇ ಮಾತು ಕೊಟ್ಟಿದ್ದ. ಸಾಯಬಮ್ಮನನ್ನು ಕರೆಸಿದೆ.

"ಸಾಯಬವ್ವ, ಬ್ಯಾರೆ ಕಡಿ ನೋಡಿಯೇನ್?" ಅಯ್ಯಣ್ಣ ಕೇಳಿದ.

"ನಾ ನೋಡಿದ ಹೊಲ ಒಂದ. ಅದರ ಬೆಲಿ ಎಲಿ–ಅಡಿಕಿ ದಿನ ಹೇಳಿದ್ದ."

ಅಯ್ಯಣ್ಣ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ. "ಆತ ಬಿಡು. ಮೂರ ಲಕ್ಷ ನಲವತ್ತ."

ನಾನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮೂರು ಬೆರಳು ತೋರಿಸಿದೆ. ಮೂರಕ್ಕೆ ಕೇಳು ಎಂದು. ಮನುಷ್ಯ ಇಷ್ಟು ಬಾಗಿರುವಾಗ ಇನ್ನೊಂದಿಷ್ಟು ಬಾಗಿಸದಿರುವುದು ನಮ್ಮ ಕಸುಬಿಗೆ ಅವಮಾನ. ಆಕೆ ನನ್ನ ಬೆರಳುಗಳನ್ನು ನೋಡಿದಳು, ನೋಡಿಯೂ "ಆತ್ರಿ ಅಣ್ಣ, ಆಡಿದ್ದ ಮಾತಿಗಿ ನಾನೂ ಅದೀನಿ" ಎಂದಳು.

ಅಯ್ಯಣ್ಣ ಹೋದ ಮೇಲೆ ನಾನು ಬೈದೆ. ಆಕೆ ತಿರುಗಿ ಬೈದಳು. "ಬದುವಿನ ಆ ಕಡಿ ಆತನದು ಇನ್ನೂ ಎರಡ ಎಕರೆ ಅದ ಸಾವಕಾರ್ರ. ನೀರಿನ ಪಾಳಿ ಬಂದಾಗ ತೂಬು ತಗಿಯವ ಆತನ. ಅವತ್ತು ನೀವ ಬಂದ ತಗೀತೀರೇನು?"

ಠೇವಣಿ ಮುರಿಸುವಾಗ ಮ್ಯಾನೇಜರ ಮುಖ ನೋಡುವಂತಿತ್ತು. ನೋಂದಣಿಯಾಯಿತು. ಸಾಕ್ಷಿಯೆಂದು ಸಹಿ ಹಾಕಿದವನು ನಾನು. ಕಚೇರಿಯ ಮೆಟ್ಟಿಲಲ್ಲಿ ಮಲ್ಕಪ್ಪ ಕಾಯುತ್ತಿದ್ದ. ದಲಾಲಿ ಕೇಳಲು ಬಂದಿದ್ದನಂತೆ. "ನಿನ್ನ ಹತ್ರ ರೊಕ್ಕ ಇಲ್ಲಂತ ಅಯ್ಯಣ್ಣಗ ತಿಳಿಸಿದವ ನಾನ, ಅದಕ್ಕ ಬೆಲಿ ಇಳೀತು," ಎಂದು ಆಕೆಯ ಮುಂದೆಯೇ ಹೇಳಿದ. ಮೂವತ್ತು ವರ್ಷದ ಬಜಾರಿನಲ್ಲಿ ನಾನು ಇಂಥದ್ದನ್ನು ಕಂಡಿರಲಿಲ್ಲ. ಅಂಥ ಮುಖವನ್ನು ಯಾವ ಕಂಪನಿಯೂ ತಯಾರಿಸಲಾರದು. ಸಾಯಬಮ್ಮ ಮಾತ್ರ ಎದುರಿನ ಹೋಟೆಲಿನವನಿಗೆ, "ಅಣ್ಣಗ ಒಂದ ಚಾ ಕೊಡ್ರಿ, ಓದಿದ ಕೂಲಿ" ಎಂದು ಹೇಳಿ ಕೆಳಗಿಳಿದಳು. ಮಲ್ಕಪ್ಪ ಚಹಾ ಕುಡಿದ. ಮರುದಿನ ಮುಂಜಾನೆ ಮತ್ತೆ ಎಟಿಎಂ ಮುಂದೆ ನಿಂತಿದ್ದ, ಮತ್ತೆ ಯಾರದೋ ಚೀಟಿ ಅವನ ಕೈಯಲ್ಲಿತ್ತು.

ಅದನ್ನು ನೋಡುತ್ತ ನಾನು ಬ್ಯಾಂಕನ್ನೂ ಸರ್ಕಾರವನ್ನೂ ಸಾಲಾಗಿ ಬೈಯುತ್ತಿದ್ದೆ. ಡಿಎಪಿ ಗೊಬ್ಬರ ಒಯ್ಯಲು ಬಂದಿದ್ದ ಸಾಯಬಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಚೀಲದ ಹೊಲಿಗೆ ಪರೀಕ್ಷಿಸುತ್ತಲೇ ಹೇಳಿದಳು:

"ಬೈಯೋದು ಮುಗದಿದ್ರ ಒಂದ ಮಾತ್ರಿ. ನಿಮಗ ಓದಾಕ ಬರ್ತದ. ಅಂಗಡಿಗಿ ಒಳಗೊಂದ ಕ್ವಾಣಿ ಅದ. ಆ ಮಂದೀನ ಒಳಗ ಕರದು, ಮೆಲ್ಲಕ ಓದಿ ಹೇಳಾಕ ನಿಮಗೇನ್ ಧಾಡಿ?"

"ಮೆಲ್ಲಕ ಓದಿದ್ರ ನನ್ನ ಮ್ಯಾಲ ಸಂಶಯ ಬರ್ತಾರವ್ವ."

"ಮೊದಲ ನನ್ನ ಚೀಟಿ ಓದ್ರಿ. ನಾ ಹೊರಗ ನಿಂತು ಹೇಳ್ತೀನಿ, ಸಾವಕಾರ ಬೀಜದಾಗ ಹೆಂಗರ ಇರ್ಲಿ, ಚೀಟ್ಯಾಗ ಖರೆ ಅದಾನಂತ."

ಹೇಳಿದಳು ಕೂಡ, ಎಲ್ಲರಿಗೂ ಕೇಳುವಂತೆ. ಬೀಜದ ಮಾತನ್ನೂ ಬಿಡಲಿಲ್ಲ. ಅದಾದ ಮೇಲೆ ಮಂದಿ ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು. ದಿನವೂ ಅಂಗಡಿ ತೆರೆದ ಮೇಲಿನ ಮೊದಲ ತಾಸು ಇದಕ್ಕೇ ಎಂದು ಸಾಯಬಮ್ಮನಿಗೆ ಮಾತು ಕೊಟ್ಟಿದ್ದೇನೆ. ಬಿತ್ತನೆಯ ದಿನಗಳಲ್ಲಿ ಗಿರಾಕಿ ಹೆಚ್ಚಾದಾಗ ಆ ತಾಸು ತಪ್ಪಿದೆ. ತಪ್ಪಿದ ತಾಸುಗಳೆಲ್ಲ ನಾನು ಆಕೆಗೆ ತೀರಿಸಬೇಕಾದ ಉದ್ರಿ.