ನೆಲಮಾಳಿಗೆಯಲ್ಲಿ ಫೋನ್ ಸಿಗುವುದಿಲ್ಲ

ಅವರನ್ನು ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಪಾಠ ಹೇಳುವುದು ನಿಂತು ಹನ್ನೊಂದು ವರ್ಷವಾಗಿತ್ತು, ಹೆಸರು ಮಾತ್ರ ನಿಂತಿರಲಿಲ್ಲ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದಾಗ, ಇತಿಹಾಸ ಓದಿದವರು ಬೇಕೆಂದು ಪ್ರವಾಸದ ಕಚೇರಿಯವರು ಅವರನ್ನು ಗೈಡ್ ಆಗಿ ತೆಗೆದುಕೊಂಡಿದ್ದರು. ಯುದ್ಧದ ಕಾಲದಲ್ಲಿ ದೇಶ ನಡೆಸಿದ ನಾಯಕರ ಜೀವನದ ಜಾಡು ಹಿಡಿದು ಜನರನ್ನು ನಡೆಸಿಕೊಂಡು ಹೋಗುವುದು ಕೆಲಸ. ಹುಟ್ಟಿದ ಮನೆ, ಓದಿದ ಶಾಲೆ, ಯುದ್ಧ ನಡೆಸಿದ ನೆಲಮಾಳಿಗೆ, ಗೆದ್ದ ದಿನ ಭಾಷಣ ಮಾಡಿದ ಅಂಚೆ ಕಚೇರಿಯ ಬಾಲ್ಕನಿ, ಕೊನೆಗೆ ಕಣ್ಣು ಮುಚ್ಚಿದ ಆಸ್ಪತ್ರೆಯ ಕೋಣೆ. ಬೆಳಗ್ಗೆ ಹತ್ತಕ್ಕೆ ಶುರು, ಹನ್ನೆರಡೂಕಾಲಿಗೆ ಮುಕ್ತಾಯ.

ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಶುರುವಿನಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ್ದನ್ನೆಲ್ಲ ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿಹೋಗಿತ್ತು. "ಲೆಕ್ಕದಲ್ಲಿ ಫೇಲಾಗಿದ್ದು ಹೇಳಲೇ ಇಲ್ಲ ನೀನು. ನಿನ್ನ ನಾಯಕನ ಮರ್ಯಾದೆ ಉಳಿಸ್ತಿದೀಯಾ?" ಎಂದು ಕೀಟಲೆ ಮಾಡುವರು. ಗೆಳೆಯರ ಹತ್ತಿರ, "ಬೇರೆಯವರ ಮನೇಲಿ ಸವತಿ ಕಾಟ, ನಮ್ಮನೇಲಿ ಸತ್ತವನ ಕಾಟ" ಎನ್ನುವರು.

ಗಂಡನಿಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ನಾಯಕರು ತೀರಿಕೊಂಡ ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮೂರನೆಯ ದಿನ ಟೀಚರಮ್ಮ ರಜೆ ಹಾಕುತ್ತೇನೆಂದಾಗ ಅವರೇ ಬೇಡವೆಂದರು. "ನೀನು ಕೂತು ನನ್ನ ಮುಖ ನೋಡ್ತಿದ್ರೆ ಗಾಯ ಬೇಗ ಒಣಗುತ್ತಾ? ಹೋಗು."

ಆ ದಿನ ಮೂವತ್ತೆಂಟು ಜನರಿದ್ದರು. ನೆಲಮಾಳಿಗೆಯಿಂದ ಮೇಲೆ ಬಂದು ಬಾಲ್ಕನಿಯ ಕೆಳಗೆ ನಿಂತಾಗ ಚೀಲದಲ್ಲಿದ್ದ ಫೋನ್ ನೋಡಿದರು. ಆಸ್ಪತ್ರೆಯಿಂದ ಆರು ಸಲ ಕರೆ ಬಂದಿತ್ತು. ತಾವೇ ತಿರುಗಿ ಮಾಡಿದರು. ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿ ಸಿಕ್ಕಿಕೊಂಡಿತು, ಏನೂ ಮಾಡಲಾಗಲಿಲ್ಲ ಎಂದು ಒಬ್ಬ ಡಾಕ್ಟರು ಹೇಳಿದರು. "ಸರಿ" ಎಂದರು ಟೀಚರಮ್ಮ. ಕೊಡೆ ಎತ್ತಿ ಹಿಡಿದು ನಡೆದರು. ಗುಂಪಿಗೆ ದಾರಿ ತಿಳಿಯಲೆಂದು ಅವರು ಯಾವಾಗಲೂ ಹಾಗೆ ಮಡಿಸಿದ ಕೊಡೆ ಎತ್ತಿ ನಡೆಯುತ್ತಿದ್ದರು. ಆಸ್ಪತ್ರೆಗೆ ಹತ್ತಿರದ ದಾರಿಯೂ ಅದೇ. ಬರಬೇಡಿ ಎಂದು ಯಾರೂ ಹೇಳದ ಕಾರಣ ಮೂವತ್ತೆಂಟು ಜನರೂ ಹಿಂದೆಯೇ ಬಂದರು. ಗೇಟಿನ ಹತ್ತಿರ ಅವರು ತಿರುಗಿ ನಿಂತು, "ಕ್ಷಮಿಸಿ, ಇವತ್ತು ಇಲ್ಲಿಗೇ ಮುಗೀತು. ನನ್ನ ಯಜಮಾನರು ತೀರಿಕೊಂಡಿದಾರೆ" ಎಂದರು. ಹಿಂದಿನ ಸಾಲಿನವರಿಗೆ ಸರಿಯಾಗಿ ಕೇಳಿಸದೆ, "ಯಾರು, ನಾಯಕರಾ?" ಎಂದು ಒಬ್ಬರು ಪಕ್ಕದವರನ್ನು ಕೇಳಿದರು.

ಟೀಚರಮ್ಮ ಅಳಲಿಲ್ಲ. ಅಂದೂ ಇಲ್ಲ, ಮಾರನೆಯ ದಿನವೂ ಇಲ್ಲ. ನಾದಿನಿ ಬಂದು ಎರಡು ವಾರ ಜೊತೆಗಿದ್ದರು. "ಒಂದ್ಸಲ ಅತ್ತುಬಿಡಿ ಅತ್ತಿಗೆ, ಎದೆ ಹಗುರಾಗುತ್ತೆ."

"ಬರ್ತಿಲ್ಲ ಕಣೇ. ಬರದೆ ಇದ್ರೆ ಏನ್ಮಾಡ್ಲಿ?"

ಹಸಿವಾದಾಗ ಉಂಡರು, ನಿದ್ದೆ ಬಂದಾಗ ಮಲಗಿದರು. ಹಲ್ಲು ಕೀಳಿಸಿಕೊಂಡ ಮೇಲೆ ಅರ್ಧ ಬಾಯಿ ತನ್ನದಲ್ಲ ಅನಿಸುವ ಹಾಗಿತ್ತು ಎಂದು ಆಮೇಲೆ ಯಾರಿಗೋ ಹೇಳಿದರು. ಮೂರನೆಯ ವಾರ ಕೆಲಸಕ್ಕೆ ಹೋದರು. ಕಚೇರಿಯ ಮ್ಯಾನೇಜರು ಕೈ ಹಿಸುಕಿಕೊಳ್ಳುತ್ತ, "ಕೊನೇ ಜಾಗ ಬಿಟ್ಬಿಡೋಣ ಟೀಚರಮ್ಮ. ಬಾಲ್ಕನಿ ಹತ್ರಾನೇ ಮುಗಿಸಿ" ಎಂದರು.

"ಯಾಕೆ? ನಾಯಕರು ಬಾಲ್ಕನೀಲಿ ಸಾಯಲಿಲ್ವಲ್ಲ" ಎಂದರು ಟೀಚರಮ್ಮ.

ಆಸ್ಪತ್ರೆಯ ಆ ಕೋಣೆಯ ಬಾಗಿಲಿಗೆ ಗಾಜು ಹಾಕಿಸಿದ್ದರು. ಒಳಗೊಂದು ಕಬ್ಬಿಣದ ಮಂಚ, ಬೂದು ಕಂಬಳಿ, ನೀರಿನ ಹೂಜಿ. ನಾಯಕರು ಇಲ್ಲಿ ಬೆಳಗಿನ ಜಾವ ಕೊನೆಯುಸಿರೆಳೆದರು, ರೇಡಿಯೋದಲ್ಲಿ ಸುದ್ದಿ ಬರುವಷ್ಟರಲ್ಲಿ ಬೀದಿಗಳೆಲ್ಲ ತುಂಬಿದ್ದವು ಎಂದು ಟೀಚರಮ್ಮ ಎಂದಿನಂತೆ ಹೇಳಿದರು. ಆಗ ಊರುಗೋಲು ಹಿಡಿದಿದ್ದ ಹೆಂಗಸೊಬ್ಬರು ಕೇಳಿದರು: "ಆ ಹೊತ್ತಲ್ಲಿ ಅವರ ಪಕ್ಕ ಯಾರಿದ್ರು?"

ಟೀಚರಮ್ಮನಿಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದರು. ಗುಂಪನ್ನು ಗೇಟಿನವರೆಗೆ ಕಳಿಸಿ, ಮತ್ತೆ ಒಳಗೆ ಬಂದು, ಎರಡನೆಯ ಮಹಡಿಯ ಗಂಡಸರ ವಾರ್ಡಿಗೆ ಹತ್ತಿದರು. ವಾರ್ಡಿನ ಆಯಾ ಒಬ್ಬಳು ನೆಲ ಒರೆಸುತ್ತಿದ್ದಳು. ಐವತ್ತು ದಾಟಿದ, ದಪ್ಪ ಮೈಯ ಹೆಂಗಸು.

"ಕಿಟಕಿ ಪಕ್ಕದ ಮಂಚದಲ್ಲಿ, ಹೊಲಿಗೆ ಮಿಷನ್ ರಿಪೇರಿಯವರು ಒಬ್ರಿದ್ರಲ್ಲ. ಅವರು ಹೋದಾಗ ಯಾರಿದ್ರು?"

ಆಯಾ ಒರೆಸುವುದನ್ನು ನಿಲ್ಲಿಸಿದಳು. "ನಾನೇ ಇದ್ದೆ. ನೀವು ಅವರ ಮನೆಯವರಾ?"

"ಹೌದು."

"ಔಷಧಿ ಗಾಡಿ ಚಕ್ರ ಕಿರ್ರ್ ಅಂತಿದೆ, ಎರಡು ತೊಟ್ಟು ಎಣ್ಣೆ ಬಿಡಿ ಅಂತ ಹೇಳ್ತಿದ್ರಮ್ಮ. ಹೇಳ್ತಾ ಹೇಳ್ತಾನೇ ಏದುಸಿರು ಬಂತು. ಕೂಗಿ ನರ್ಸನ್ನ ಕರೆದೆ. ಮನೆಯವರಿಗೆ ಫೋನ್ ಮಾಡಿಸ್ಲಾ ಅಂದೆ. ನನ್ನ ಕೈ ಹಿಡ್ಕೊಂಡು, ಗಂಟೆ ಎಷ್ಟು ಅಂದ್ರು. ಹನ್ನೊಂದೂಕಾಲು ಅಂದೆ. ಹಾಗಾದ್ರೆ ಅವಳು ನೆಲಮಾಳಿಗೇಲಿರ್ತಾಳೆ, ಅಲ್ಲಿ ಫೋನ್ ಸಿಗಲ್ಲ, ಬಿಡಿ ಅಂದ್ರು."

"ಆಮೇಲೆ?"

"ಆಮೇಲೆ ಏನೂ ಅನ್ಲಿಲ್ಲ. ಡಾಕ್ಟರು ಬರೋವರೆಗೂ ಕೈ ಬಿಟ್ಟಿರ್ಲಿಲ್ಲ ನಾನು."

ಟೀಚರಮ್ಮ ಆಯಾಳ ಕೈ ನೋಡಿದರು. ನೀರಿನಲ್ಲಿ ನೆನೆದು ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ಏನಾದರೂ ಅನಿಸಬೇಕು ಎಂದು ಕಾದರು. ಏನೂ ಅನಿಸಲಿಲ್ಲ. "ಒಳ್ಳೇದಾಯ್ತು, ನೀವಿದ್ರಿ" ಎಂದರು.

"ಈ ಕಡೆ ಬನ್ನಿ ಅಮ್ಮಾ, ಅಲ್ಲಿ ಜಾರುತ್ತೆ" ಎಂದಳು ಆಯಾ.

ಅಂದಿನಿಂದ ಪ್ರವಾಸ ಮುಗಿದ ಮೇಲೆ ಟೀಚರಮ್ಮನಿಗೆ ಆಸ್ಪತ್ರೆಯ ಹಿಂದಿನ ಬೆಂಚಿನ ಮೇಲೆ ಆಯಾಳ ಜೊತೆ ಚಹಾ ಕುಡಿಯುವ ರೂಢಿಯಾಯಿತು. ಗಂಡನ ಮಾತು ಮತ್ತೆ ಬರಲಿಲ್ಲ. ಆಯಾಳ ಮಂಡಿನೋವು, ಸೊಸೆಯ ಸಿಡುಕು, ಹೊಸ ಮೇಲ್ವಿಚಾರಕನ ದರ್ಪ, ಇವೇ ಮಾತು. ಒಂದು ದಿನ ಆಯಾ, "ಇಪ್ಪತ್ತೆರಡು ವರ್ಷ ಆ ನಾಯಕರ ಕೋಣೆ ಗಾಜು ಒರೆಸಿದೀನಿ. ಒಳಗಿದ್ದೋರು ಏನು ಮಾಡಿದ್ರು ಅಂತ ನಂಗೆ ಇನ್ನೂ ಗೊತ್ತಿಲ್ಲ" ಎಂದಳು.

ಮುಂದಿನ ರಜೆಯ ದಿನ ಟೀಚರಮ್ಮ ಅವಳೊಬ್ಬಳನ್ನೇ ಕರೆದುಕೊಂಡು ಹೊರಟರು. ಹುಟ್ಟಿದ ಮನೆ ತೋರಿಸಿದರು, ಶಾಲೆ ತೋರಿಸಿದರು. ಲೆಕ್ಕದಲ್ಲಿ ಫೇಲಾಗಿದ್ದನ್ನೂ ಬಿಡದೆ ಎಲ್ಲ ಹೇಳಿದರು. ನೆಲಮಾಳಿಗೆಯಲ್ಲಿ ನಾಯಕರು ಹನ್ನೊಂದು ತಿಂಗಳು ಬಿಸಿಲು ಕಾಣದೆ ಕೂತಿದ್ದರೆಂದಾಗ ಆಯಾ ಸುತ್ತ ನೋಡಿ, "ಇಲ್ಲಿ ನೆಲ ಒಣಗೋದೇ ಇಲ್ಲ ಅಲ್ವಾ? ಪಾಪ, ಯಾರು ಒರೆಸ್ತಿದ್ರೋ" ಎಂದಳು. ಟೀಚರಮ್ಮನಿಗೆ ನಗು ಬಂತು. ಸಣ್ಣದು, ಮೂಗಿನಲ್ಲೇ.

ಮೇಲೆ ಬರುವಷ್ಟರಲ್ಲಿ ಆಯಾಳ ಮಂಡಿ ಹಿಡಿದುಕೊಂಡಿತ್ತು. ಬಾಲ್ಕನಿಗೆ ಇನ್ನೊಂದು ದಿನ ಹತ್ತಿದರಾಯಿತೆಂದು ಇಬ್ಬರೂ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತರು. ಆಯಾ ಚಪ್ಪಲಿ ಬಿಚ್ಚಿ ಕಾಲು ನೀಡಿದಳು. ಟೀಚರಮ್ಮ ಅವಳ ಬಸ್ಸು ಬರುವವರೆಗೂ ಜೊತೆಗೆ ಕೂತಿದ್ದರು.