ಹತ್ತಿರ ಬಂದೂ ಮುಟ್ಟದ ಗೆರೆ

ಕಳೆದ ಭಾನುವಾರ ಹಿರೇಕೆರೂರಿನ ಒಂದು ಮನೆಯಲ್ಲಿ ನನಗೆ ಸ್ಟೀಲ್ ಲೋಟದಲ್ಲಿ ಚಹಾ ಬಂತು. ಪಕ್ಕದಲ್ಲೇ ಕುಳಿತಿದ್ದ ಗೆಳತಿ ರೇಣುಕಾಗೆ ಪೇಪರ್ ಕಪ್ಪಿನಲ್ಲಿ. ಕುದಿಸಿದ ಚಹಾ ಒಂದೇ. ಪಾತ್ರೆ ಬೇರೆ ಏಕೆ?

ರೇಣುಕಾ ಅಲ್ಲಿಯ ಪಿಯು ಕಾಲೇಜೊಂದರಲ್ಲಿ ಗಣಿತ ಉಪನ್ಯಾಸಕಿ. ದಿನವೂ ಹಾವೇರಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಬಸ್ ತಡವಾದರೆ ಮೊದಲ ಪೀರಿಯಡ್ ಹೋಯಿತು; ಪ್ರಾಂಶುಪಾಲರು ಈಗಾಗಲೇ ಎಚ್ಚರಿಸಿದ್ದಾರೆ. ಊರಲ್ಲೇ ಬಾಡಿಗೆ ಮನೆ ಹುಡುಕುವುದು ಅನಿವಾರ್ಯವಾಗಿತ್ತು. ಜೊತೆಗೆ ನಾನೂ ಹೊರಟಿದ್ದೆ.

ಬಸ್ಸಿನಲ್ಲಿ ಮರುದಿನದ ಪಾಠದ ಮಾತು ಬಂತು. ‘ಅಸಿಂಪ್ಟೋಟಿಕ್’ ಎಂದರೇನು ಎಂದು ಕೇಳಿದೆ. (ಗಣಿತದಿಂದ ಸದಾ ತಪ್ಪಿಸಿಕೊಂಡವಳು ನಾನು.) ಕನ್ನಡದಲ್ಲಿ ‘ಅನಂತಸ್ಪರ್ಶಿ’ ಎನ್ನಬಹುದಂತೆ. ಟಿಕೆಟ್ಟಿನ ಬೆನ್ನಿಗೆ ಒಂದು ವಕ್ರರೇಖೆ ಬರೆದು ತೋರಿಸಿದಳು. ಅದು ನೇರ ಗೆರೆಯತ್ತ ಬಾಗುತ್ತದೆ, ಅಂತರ ಕಡಿಮೆಯಾಗುತ್ತಲೇ ಹೋಗುತ್ತದೆ. ಎಷ್ಟು ದೂರ ಎಳೆದರೂ ಮುಟ್ಟುವುದಿಲ್ಲ.

‘ಬಾಡಿಗೆಗೆ ಇದೆ’ ಎಂಬ ಬೋರ್ಡ್ ನೋಡಿಯೇ ಆ ಮನೆಗೆ ಹೋದದ್ದು. ಮನೆಯೊಡತಿ ನಗುತ್ತ ಕರೆದರು.

“ಬರ್ರಿ ಮೇಡಂ, ಕುಂದರ್ರಿ. ನೀವು ಯಾವ ಪೈಕಿ ರೀ?”

ದಲಿತಳೆಂದು ರೇಣುಕಾ ತಡವರಿಸದೆ ಹೇಳಿದಳು. ಆಮೇಲೆ ಬಂದದ್ದೇ ಆ ಚಹಾ.

“ತಪ್ಪು ತಿಳ್ಕೋಬ್ಯಾಡ್ರಿ ಮತ್ತ. ನಮ್ಮತ್ತಿ ಕಾಲಕ್ಕ ನಿಮ್ಮವರು ಅಂಗಳದಾಗ ನಿಂದರ್ತಿದ್ರು. ಆಮ್ಯಾಲ ಕಟ್ಟಿತನಾ ಬಂದ್ರು. ಈಗ ನೋಡ್ರಿ, ಪಡಸಾಲ್ಯಾಗ ಕುರ್ಚಿ ಹಾಕೇವಿ!”

“ಮನಿದು ಹೆಂಗ್ರಿ?” ರೇಣುಕಾ ಕೇಳಿದಳು.

“ಮನಿ... ನಮ್ಮ ತಂಗಿ ಮಗ ಬರಾಕತ್ತಾನ್ರಿ. ನಿನ್ನೇನ ಹೇಳ್ಯಾನ.”

“ಬೋರ್ಡ್ ಇನ್ನಾ ಐತಲ್ರಿ, ಅಕ್ಕಾರ?” ಎಂದೆ.

“ತಗೀತೇವಿ ಬಿಡ್ರಿ.”

ಆ ಪ್ರಶ್ನೆ ತಪ್ಪು. ಆ ಕಪ್ಪು ತಪ್ಪು. ಆ ಸುಳ್ಳು ತಪ್ಪು. ಇದಕ್ಕೆಲ್ಲ ಸುಧಾರಣೆಯೆಂದು ಹೆಸರಿಟ್ಟು ಹೆಮ್ಮೆಪಟ್ಟದ್ದು ಎಲ್ಲಕ್ಕಿಂತ ದೊಡ್ಡ ತಪ್ಪು.

ಬೀದಿಗೆ ಬಂದಾಗ ನನಗೊಂದು ಹೋಲಿಕೆ ಹೊಳೆದಿತ್ತು. “ಅಂಗಳ, ಕಟ್ಟಿ, ಪಡಸಾಲಿ. ಇವರೂ ನಿನ್ನ ಅನಂತಸ್ಪರ್ಶಿ ಗೆರೀನ ಅಲ್ಲೇನ?”

ರೇಣುಕಾ ಸಿಡುಕಿದಳು. “ಪಾಪ, ಗೆರಿಗ್ಯಾಕ ಬೈತಿ? ಅದರ ಸಮೀಕರಣನ ಹಂಗೈತಿ, ಮುಟ್ಟಾಕ ಬರೂದಿಲ್ಲ. ಇವರಿಗೆ ಬರ್ತೈತಿ. ಒಲ್ಲೆ ಅಂತಾರ, ಅಷ್ಟ.”

ಅವಳ ಮಾತು ಸರಿ. ಸಮಾಜ ನಿಧಾನವಾಗಿ ಬದಲಾಗುತ್ತದೆ ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ಮನುಷ್ಯರು ದಿನವೂ ಬೇಕೆಂದೇ ಮಾಡುವ ನಿರ್ಧಾರಕ್ಕೆ ಪ್ರಕೃತಿನಿಯಮದ ಗೌರವ ಕೊಟ್ಟುಬಿಡುತ್ತೇವೆ. ವಕ್ರರೇಖೆಗೆ ಆಯ್ಕೆಯಿಲ್ಲ. ಲೋಟ ತೊಳೆದಿಡುವ ಕೈಗೆ ಇದೆ.

ಸೋಮವಾರ ಬಸ್ ತಡವಾಯಿತು. ಮೊದಲ ಪೀರಿಯಡ್ ತಪ್ಪಿತು. ಆ ಮನೆಯ ಬೋರ್ಡ್ ಇಂದಿಗೂ ಅಲ್ಲೇ ತೂಗುತ್ತಿದೆಯಂತೆ.

ತಂಗಿಯ ಮಗ ಯಾವ ಬಸ್ಸಿಗೆ ಕಾಯುತ್ತಿದ್ದಾನೆ?