ಉಲ್ಲಾಸ್ ಮಾಷ್ಟ್ರು ಕಲಿಸಿದ ಬೀಸು

ನಾವುಂದದ ಪ್ರೌಢಶಾಲೆಗೆ ಉಲ್ಲಾಸ್ ಮಾಷ್ಟ್ರು ದೈಹಿಕ ಶಿಕ್ಷಕರಾಗಿ ಬಂದಾಗ, ಅಲ್ಲಿ ಬೇಸ್‌ಬಾಲ್ ಆಟವನ್ನು ಟಿ.ವಿ.ಯಲ್ಲಿ ಕಂಡವರೂ ಕಡಿಮೆ. ಕಾಲೇಜಿನ ದಿನಗಳಲ್ಲಿ ಅವರು ಅದನ್ನೇ ಆಡಿದವರು. ತಮ್ಮ ಹುಡುಗರಲ್ಲಿ ಒಬ್ಬನಾದರೂ ರಾಜ್ಯ ತಂಡಕ್ಕೆ ಹೋಗಬೇಕೆಂಬುದು ಅವರ ಆಸೆ.

ಹುಡುಗರಿಗೆ ಗದ್ದೆಯ ಕ್ರಿಕೆಟ್ಟಿನ ಅಭ್ಯಾಸ. ಎಲ್ಲರೂ ಬರೀ ತೋಳಿನಿಂದ ಹೊಡೆಯುತ್ತಿದ್ದರು. "ಜೋರ್ ಕೈಯಗೆ ಅಲ್ಲ ಮಾರಾಯ, ಸೊಂಟದಗೆ ಇತ್ತ್" ಎಂದು ಮಾಷ್ಟ್ರು ಎಷ್ಟು ಹೇಳಿದರೂ ಚೆಂಡು ಹತ್ತಿರದಲ್ಲೇ ಬೀಳುತ್ತಿತ್ತು.

ಒಂದು ಸಂಜೆ ಹೊಳೆಯ ಬದಿಯಲ್ಲಿ ಗುರುವ ಮೀನಿಗೆ ಬೀಸುಬಲೆ ಎಸೆಯುತ್ತಿರುವುದನ್ನು ಮಾಷ್ಟ್ರು ಕಂಡರು. ತಂಡದ ಹುಡುಗ ಸುಮಿತನ ಅಪ್ಪ ಈ ಗುರುವ. ಮೊದಲು ಹಿಮ್ಮಡಿ ತಿರುಗುತ್ತದೆ, ಆಮೇಲೆ ಸೊಂಟ, ಆಮೇಲೆ ಭುಜ, ಕೊನೆಗೆ ಕೈ. ತಾವು ಹೇಳಲಾಗದೆ ಒದ್ದಾಡುತ್ತಿದ್ದುದು ಅಲ್ಲಿ ಕಣ್ಣೆದುರಿಗಿತ್ತು. ಮರುದಿನವೇ ತಂಡವನ್ನೆಲ್ಲ ಅಲ್ಲಿಗೆ ಕರೆದೊಯ್ದರು.

ಗುರುವ ಬ್ಯಾಟನ್ನು ಎತ್ತಿ ನೋಡಿದ. "ಹ್ವಾಯ್ ಮಾಷ್ಟ್ರೆ, ಇದೆಂತ ಒನಕೆಯಾ? ಚೆಂಡ್ ಹೊಡುದಾ, ಭತ್ತ ಕುಟ್ಟುದಾ?"

"ನಿನ್ ಮಗ ಎರಡೂ ಮಾಡ್ತ. ನೀ ಬಲೆ ಬೀಸಿ ತೋರ್ಸ್, ಸಾಕ್."

ಹುಡುಗರು ಹಳೆಯ ಬಲೆಯೊಂದನ್ನು ಬೀಸಿ ಬೀಸಿ ಕಲಿತರು. ಬಳಿಕ ಬ್ಯಾಟು ಹಿಡಿದರೆ ಸೊಂಟ ತಾನಾಗಿ ತಿರುಗುತ್ತಿತ್ತು. ಸಣ್ಣಂದಿನಿಂದ ಬಲೆ ಬೀಸಿದ ಸುಮಿತನ ಹೊಡೆತಕ್ಕಂತೂ ಚೆಂಡು ಮೈದಾನದಂಚಿನ ಗಾಳಿಮರದ ಸಾಲು ದಾಟುತ್ತಿತ್ತು. ರಾಜ್ಯ ತಂಡಕ್ಕಾಗಿ ಬ್ರಹ್ಮಾವರದಲ್ಲಿ ನಡೆಯುವ ಆಯ್ಕೆಗೆ ಅವನ ಹೆಸರು ಹೋಯಿತು.

ಆಯ್ಕೆಗೆ ಹೊರಡುವ ಹಿಂದಿನ ಸಂಜೆ ಸುಮಿತ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬ್ಯಾಟು ಬೀಸಿದ. ಬಲೆ ಹರಡಬೇಕಾದರೆ ಬೀಸಿದ ತುದಿಯಲ್ಲಿ ಕೈ ಬಿಡಬೇಕು. ಅವನ ಕೈ ಬಿಟ್ಟಿತು. ಹಾರಿದ ಬ್ಯಾಟು, ಬದಿಯಲ್ಲಿ ಸರದಿಗೆ ಕಾಯುತ್ತಿದ್ದ ಜೊತೆಗಾರ ರೋಹನನ ಎಡಗಣ್ಣಿಗೆ ಬಡಿಯಿತು. ಕುಂದಾಪುರಕ್ಕೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಒಯ್ದರೂ ಆ ಕಣ್ಣು ಉಳಿಯಲಿಲ್ಲ.

ತಪ್ಪು ತಮ್ಮದೆಂದು ಹೇಳಲು ಮಾಷ್ಟ್ರು ರೋಹನನ ಮನೆಗೆ ಹೋದರು. ಬಲೆಯನ್ನು ಬಿಡಬೇಕು, ಬ್ಯಾಟನ್ನು ಬಿಡಬಾರದು. ಆ ಒಂದು ಮಾತನ್ನು ಅವರು ಹುಡುಗರಿಗೆ ಹೇಳಿರಲಿಲ್ಲ. ರೋಹನನ ತಾಯಿ ಪ್ರಭಾವತಿ ಬಾಗಿಲಲ್ಲೇ ನಿಂತು ಕೇಳಿದರು. "ಕಣ್ ತಂದ್ ಕೊಡುಕಾತ್ತಾ ಮಾಷ್ಟ್ರೆ? ಇಲ್ಲೆ ಅಲ್ದಾ. ಮತ್ತೆಂತಕ್ ಬಂದ್ರಿ?"

ಸುಮಿತ ಶಾಲೆಗೆ ಬರುವುದನ್ನೇ ಬಿಟ್ಟಿದ್ದ. "ಅವ ಬಲೆಯನ್ನೂ ಮುಟ್ಟುದಿಲ್ಲೆ," ಎಂದ ಗುರುವ. "ಉಂಬುಕೆ ಕೂತ್ರೂ ಕೈಯನ್ನೇ ಕಾಣ್ತ ಇರ್ತ. ನೀವೇ ಒಂದ್ ಮಾತ್ ಹೇಳಿ ಮಾಷ್ಟ್ರೆ."

ರೋಹನನಿಗೆ ಏನೂ ಮಾಡಲಾಗದ ಮಾಷ್ಟ್ರಿಗೆ ಈ ಹುಡುಗನನ್ನಾದರೂ ಉಳಿಸಿಕೊಳ್ಳಬೇಕಿತ್ತು. ಮತ್ತೆ ಮತ್ತೆ ಅವನ ಮನೆಗೆ ಹೋದರು. ಕಡೆಗೊಂದು ಭಾನುವಾರ ಸುಮಿತ ಅವರ ಹಿಂದೆ ಮೈದಾನಕ್ಕೆ ಬಂದ. ಬೇರೆ ಯಾರೂ ಇರಲಿಲ್ಲ. ಮಾಷ್ಟ್ರು ಮೆಲ್ಲನೆ ಚೆಂಡು ಎಸೆದರು. ಅವನ ಸೊಂಟ ತಿರುಗಲಿಲ್ಲ. ಬ್ಯಾಟು ಅರ್ಧಕ್ಕೇ ನಿಂತಿತು.

"ಇನ್ನೊಂದ್ ಸಲ, ಮಗಾ. ಹೆದರ್ಬೇಡ. ಇಲ್ಲಿ ಯಾರೂ ಇಲ್ಲೆ."

"ನೀವಿದ್ರಿ ಅಲ್ದಾ, ಸರ್."

ಮಾಷ್ಟ್ರು ಹಿಂದೆ ಸರಿದು ನಿಂತರು. ಇನ್ನೂ ಹಿಂದೆ ಸರಿದರು. ಸುಮಿತ ಬೇಡವೆಂದು ತಲೆಯಾಡಿಸುತ್ತಲೇ ಇದ್ದ. ಚೆಂಡು ಎಸೆಯುವವನು ಎದುರಿಗೆ ಎಲ್ಲಾದರೂ ನಿಲ್ಲಲೇಬೇಕಲ್ಲ. ಕೊನೆಗೆ ಅವರು ಹತ್ತಿರ ಬಂದು, "ಸಾಕ್, ಕೊಡ್" ಎಂದು ಬ್ಯಾಟಿಗೆ ಕೈ ಹಾಕಿದರು. ಸುಮಿತನಿಗೆ ಕೊಡಲಾಗಲಿಲ್ಲ. ಬೆರಳುಗಳು ಬಿಳಿಚಿ ಬಿಗಿದುಕೊಂಡಿದ್ದವು. ಮಾಷ್ಟ್ರು ಅವುಗಳನ್ನು ಒಂದೊಂದಾಗಿ ಬಿಡಿಸಿದರು.